ಹಳ್ಳಿಯವರಿಗೆ ಬಿಸಿನೆಸ್ ಕಲಿಸೋ ಆನ್‌ಲೈನ್ ಕೋರ್ಸ್ ಮುಗಿಸಿದ್ವಿ: ಐದಕ್ಕೆ ಎರಡೂವರೆ ಸ್ಟಾರ್

ಮೊದಲೇ ಹೇಳಿಬಿಡ್ತೀನಿ, ಕೋರ್ಸ್ ಹೆಸರು ಹಾಕಲ್ಲ. ಇದೇ ಥರದ್ದು ಇನ್ನೂ ಎಷ್ಟೋ ಇದಾವೆ, ಟ್ರೇಲರ್ ನೋಡಿದ್ರೆ ಎಲ್ಲಾ ಒಂದೇ ಅಚ್ಚಲ್ಲಿ ಹೊಯ್ದಂಗೆ ಕಾಣತ್ವೆ, ಅದಕ್ಕೆ ಒಬ್ಬರ ಮೇಲೇ ಗೂಬೆ ಕೂರಿಸೋದು ಬೇಡ. ಹತ್ತು ಪಾಠ, ಎಲ್ಲಾ ವಿಡಿಯೊ, ಕೊನೇಲಿ ಒಂದು ಕ್ವಿಜ್, ಪಾಸಾದ್ರೆ ಸರ್ಟಿಫಿಕೇಟ್. ‘ದುಡ್ಡು ಓಡಾಡದ ಹಳ್ಳಿಗಳಲ್ಲಿ ಸ್ವಂತ ಉದ್ಯಮ ಶುರು ಮಾಡೋರಿಗೆ’ ಅಂತ ಮೊದಲ ಸ್ಲೈಡಲ್ಲೇ ಬರೆದಿದಾರೆ, ಅದನ್ನ ನೋಡೇ ನಾವು ಸೇರಿದ್ದು. ಅತ್ತಿಗೆಗೆ ಹೊಲಿಗೆ ಅಂಗಡಿ ಹಾಕೋ ಆಸೆ, ಒಬ್ರೇ ಕೂತು ನೋಡೋಕೆ ಬೇಜಾರು ಅಂತ ನನ್ನನ್ನೂ ಕೂರಿಸಿಕೊಂಡ್ರು, ಹಂಗಾಗಿ ಈ ರಿವ್ಯೂ ಅರ್ಧ ನಂದು ಅರ್ಧ ಅವರದ್ದು, ಒಳ್ಳೊಳ್ಳೆ ಪ್ರಶ್ನೆ ಬಂದ ಕಡೆಯೆಲ್ಲ ಅವರದ್ದೇ ಅಂತ ತಿಳ್ಕೊಳ್ಳಿ.

ಪಾಠ 1, 2 ಪೂರ್ತಿ ಹುರಿದುಂಬಿಸೋದು. ಹಿಂದೆ ಮ್ಯೂಸಿಕ್ಕು, ಸೂರ್ಯ ಹುಟ್ಟೋ ಸೀನು, ‘ನಿಮ್ಮೊಳಗಿನ ಭಯಾನೇ ನಿಮ್ಮ ಶತ್ರು’ ಅಂತ ಒಬ್ರು ಕೋಟು ಹಾಕ್ಕೊಂಡು ಹೇಳ್ತಾರೆ. ಅತ್ತಿಗೆ ಅಲ್ಲೇ ವಿಡಿಯೊ ನಿಲ್ಲಿಸಿ, ‘ನಂಗೆ ಭಯ ಇಲ್ಲಪ್ಪ, ಗಿರಾಕಿ ಇಲ್ಲ’ ಅಂದ್ರು. ನಿಜ ಹೇಳ್ಬೇಕಂದ್ರೆ ಇಡೀ ಕೋರ್ಸಿನ ರಿವ್ಯೂ ಅಷ್ಟೇ, ಆದ್ರೂ ಮುಂದೆ ಬರೀತೀನಿ.

ಮನಸ್ಸಿನ ತರಬೇತಿ ಎಲ್ಲಾ ಸುಳ್ಳು ಅಂತಲೂ ಅಲ್ಲ. ಆಫ್ರಿಕಾದ ಟೋಗೊ ದೇಶದಲ್ಲಿ 1,500 ಸಣ್ಣ ವ್ಯಾಪಾರಿಗಳನ್ನ ಗುಂಪು ಮಾಡಿ ಒಂದು ಪ್ರಯೋಗ ಮಾಡಿದ್ರು, 2017ರಲ್ಲಿ ಅದರ ಫಲಿತಾಂಶ ಬಂತು. ಲೆಕ್ಕಪತ್ರ, ಮಾರ್ಕೆಟಿಂಗ್ ಅಂತ ಮಾಮೂಲಿ ತರಬೇತಿ ತಗೊಂಡವರ ಲಾಭ ಹೇಳಿಕೊಳ್ಳೋವಷ್ಟು ಏರಲಿಲ್ಲ, ಆದ್ರೆ ‘ಯಾರೋ ಹೇಳೋಕೆ ಮುಂಚೆ ನೀವೇ ಹೆಜ್ಜೆ ಇಡಿ, ಪಕ್ಕದವನಿಗಿಂತ ಬೇರೆ ಏನು ಮಾಡಬಹುದು ಹುಡುಕಿ, ಅಡ್ಡಿ ಬಂದ್ರೆ ಇನ್ನೊಂದು ದಾರಿ ಹಿಡೀರಿ’ ಅನ್ನೋದನ್ನ ಅಭ್ಯಾಸ ಮಾಡಿಸಿದವರ ಲಾಭ ಶೇ 30ರಷ್ಟು ಏರ್ತು. ಅಂದ್ರೆ ಕಲಿಸೋಕೆ ಆಗತ್ತೆ. ಆದ್ರೆ ಅಲ್ಲಿ ಕಲಿಸಿದ್ದು ಕೈಹಿಡಿದು, ವಾರಗಟ್ಟಲೆ, ಮ್ಯೂಸಿಕ್ ಹಾಕಿ ಅಲ್ಲ. ಇನ್ನೊಂದು, ಅವರೆಲ್ಲ ಈಗಾಗಲೇ ವ್ಯಾಪಾರ ಮಾಡ್ತಾ ಇದ್ದವರು, ಅದೂ ರಾಜಧಾನಿ ಲೋಮೆನಲ್ಲಿ, ಬೀದಿ ತುಂಬ ಜನ ಇರೋ ಊರಲ್ಲಿ. ಬೆಳಗ್ಗೆಯಿಂದ ಸಂಜೆವರೆಗೂ ಅದೇ ಇಪ್ಪತ್ತು ಮುಖ ಕಾಣೋ ಕಡೆ ಶೇ 30 ಎಲ್ಲಿಂದ ತರೋದು?

ಪಾಠ 3 ಮಾರುಕಟ್ಟೆ ಬಗ್ಗೆ. ನಾವು ಜಾಸ್ತಿ ಜಗಳ ಆಡಿದ್ದು ಇದರ ಜೊತೆ. ಒಂದು ಫಾರ್ಮ್ ಕೊಡ್ತಾರೆ, ‘ನಿಮ್ಮ ಗಿರಾಕಿ ಯಾರು, ಅವರ ವಯಸ್ಸು, ಅವರ ಅಭಿರುಚಿ’ ಅಂತ ಕಾಲಂ. ಅತ್ತಿಗೆ ಅದರಲ್ಲಿ ‘ಎಲ್ಲರೂ ಗೊತ್ತಿರೋರೇ’ ಅಂತ ಬರೆದು, ಹಾಳೆ ತಿರುಗಿಸಿ ಹಿಂದೆ ಒಂದು ಲೆಕ್ಕ ಹಾಕಿದ್ರು. ಒಂದು ಹಳ್ಳೀಲಿ ಮುನ್ನೂರು ಮನೆ ಅಂತ ಇಟ್ಕೊಳ್ಳಿ. ಮನೆಗೆ ವರ್ಷಕ್ಕೆ ಆರು ಬಟ್ಟೆ ಹೊಲಿಸ್ತಾರೆ ಅನ್ನಿ, ಅದೇ ಜಾಸ್ತಿ ಆಯ್ತು, ಯಾಕಂದ್ರೆ ಈಗ ರೆಡಿಮೇಡ್ ಬಂದು ಕೂತಿದೆ. ಒಟ್ಟು 1,800 ಬಟ್ಟೆ, ದಿನಕ್ಕೆ ಐದೂ ಬರಲ್ಲ. ಈಗಾಗಲೇ ಇಬ್ಬರು ಟೈಲರ್ ಇದ್ರೆ ಅತ್ತಿಗೆ ಮೂರನೆಯವರು, ತಲೆಗೆ ದಿನಕ್ಕೆ ಎರಡು ಬಟ್ಟೆಗೂ ಗತಿ ಇಲ್ಲ. ಕೆಲಸ ಗೊತ್ತಿದ್ದು, ಮಷಿನ್ ಇದ್ದು, ಭಯ ಇಲ್ಲದೇ ಇದ್ರೂ ಎರಡು ಬಟ್ಟೆ! ಇದಕ್ಕೆ ಯಾವ ಪಾಠದಲ್ಲೂ ಉತ್ತರ ಇಲ್ಲ. ಮೂರನೇ ಟೈಲರ್ ಬಂದ ತಕ್ಷಣ ಹೊಸ ಗಿರಾಕಿ ಹುಟ್ಟಿಕೊಳ್ಳಲ್ಲ, ಇರೋದನ್ನೇ ಹರಿದು ಹಂಚಿಕೊಳ್ಳೋದು, ಆಮೇಲೆ ಮೂರೂ ಜನ ರೇಟ್ ಇಳಿಸಿ ಇಳಿಸಿ ಮುಖ ನೋಡದಂಗೆ ಆಗೋದು.

‘ನಿಮ್ಮ ಊರಲ್ಲಿ ಇಲ್ಲದ್ದನ್ನ ಹುಡುಕಿ’ ಅಂತಾರೆ ವಿಡಿಯೊದವರು. ಸರಿ, ಆದ್ರೆ ಇಲ್ಲ ಅಂದ್ರೆ ಅದಕ್ಕೊಂದು ಕಾರಣ ಇರಬಹುದಲ್ವಾ, ಅದು ನಡೆಯೋಕೆ ಬೇಕಾದಷ್ಟು ಜನ ಅಲ್ಲಿ ಇಲ್ಲ ಅನ್ನೋದೇ ಎಷ್ಟೋ ಸಲ ಕಾರಣ. ಇನ್ನೊಂದು ಅವರು ಮುಟ್ಟೇ ಇಲ್ಲದ ವಿಷಯ, ಇಂಥ ಕಡೆ ಎಲ್ಲರ ಜೇಬೂ ಒಟ್ಟಿಗೆ ತುಂಬತ್ತೆ, ಒಟ್ಟಿಗೆ ಖಾಲಿ ಆಗತ್ತೆ. ಪಟ್ಟಣದಲ್ಲಿ ಒಬ್ಬನ ಕೆಲಸ ಹೋದ್ರೆ ಪಕ್ಕದ ಬೀದಿಯವನ ಸಂಬಳ ಬರ್ತಾನೇ ಇರತ್ತೆ. ಬೆಳೆ ಮೇಲೋ, ಒಂದು ಗಣಿ ಮೇಲೋ, ಒಂದು ಕಾರ್ಖಾನೆ ಮೇಲೋ ನಿಂತಿರೋ ಊರಲ್ಲಿ ಅದು ಬಿದ್ರೆ ಅದರ ಹಿಂದೇನೇ ಅಂಗಡಿಯವನು, ಕ್ಷೌರದವನು, ರಿಪೇರಿಯವನು, ಟೈಲರ್ ಎಲ್ಲ ಸಾಲಾಗಿ ಬೀಳ್ತಾರೆ. ಆವಾಗ ಶುರು ಆಗೋದು ಉದ್ರಿ. ದಿನಾ ಮುಖ ನೋಡೋರಿಗೆ ಇಲ್ಲ ಅನ್ನೋಕಾಗಲ್ಲ, ಕೊಟ್ಟದ್ದನ್ನ ಕೇಳೋಕೂ ಆಗಲ್ಲ. ಪಾಠ 3ರಲ್ಲಿ ಉದ್ರಿ ಅನ್ನೋ ಪದ ಒಂದ್ಸಲಾನೂ ಬರಲ್ಲ ಅಂದ್ರೆ ನಂಬ್ತೀರಾ, ನಾನು ಎರಡು ಸಲ ಹಿಂದೆ ಓಡಿಸಿ ನೋಡಿದೀನಿ.

ಪಾಠ 4ಕ್ಕೆ ಮಾತ್ರ ಐದಕ್ಕೆ ಐದು. ಲೆಕ್ಕದ ಪಾಠ. ಇಲ್ಲಿ ಯಾರೋ ಬೇರೆಯವರು ಬರೆದುಕೊಟ್ಟಿರಬೇಕು, ಅಷ್ಟು ಚೆನ್ನಾಗಿದೆ. ದೊಡ್ಡ ದೊಡ್ಡ ತಖ್ತೆ ಏನೂ ಇಲ್ಲ, ಎರಡು ಡಬ್ಬಿ ಇಡಿ, ಒಂದು ಮನೇದು ಒಂದು ವ್ಯಾಪಾರದ್ದು, ವ್ಯಾಪಾರದ ಡಬ್ಬಿಯಿಂದ ಮನೆಗೆ ಏನೇ ತಗೊಂಡ್ರೂ ಒಂದು ಚೀಟಿ ಬರೆದು ಒಳಗೆ ಹಾಕಿ, ಅಷ್ಟೇ. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಇದನ್ನ ಪರೀಕ್ಷೆ ಮಾಡಿ ನೋಡಿದಾರೆ, ಸಣ್ಣ ಸಾಲ ತಗೊಂಡಿದ್ದ ವ್ಯಾಪಾರಿಗಳಲ್ಲಿ ಕೆಲವರಿಗೆ ಪೂರ್ತಿ ಅಕೌಂಟಿಂಗ್ ಕಲಿಸಿದ್ರು, ಕೆಲವರಿಗೆ ಇಂಥ ಸರಳ ರೂಲ್ಸ್ ಮಾತ್ರ ಹೇಳಿಕೊಟ್ರು. 2014ರಲ್ಲಿ ಪ್ರಕಟ ಆದ ಆ ಅಧ್ಯಯನದ ಪ್ರಕಾರ ಗೆದ್ದಿದ್ದು ಸರಳ ರೂಲ್ಸ್, ಪೂರ್ತಿ ಅಕೌಂಟಿಂಗ್ ಕಲಿತವರಲ್ಲಿ ಅಂಥ ಬದಲಾವಣೆ ಏನೂ ಕಾಣಲಿಲ್ಲ. ಅತ್ತಿಗೆ ಅವತ್ತೇ ಎರಡು ಡಬ್ಬಿ ತೊಳೆದಿಟ್ರು. ಮೂರನೇ ದಿನಾನೇ ಅಣ್ಣನ ಹೆಸರಿನ ಚೀಟಿ ನಾಲ್ಕು ಸಿಕ್ವು, ಅದು ಬೇರೆ ಕಥೆ.

ಇಲ್ಲೊಂದು ಅಡ್ಡಮಾತು. ಕೋರ್ಸಿನ ಕನ್ನಡ. ಯಾವುದೋ ಭಾಷೆಯಿಂದ ಮಷಿನ್ ಕೈಲಿ ಮಾಡಿಸಿದ್ದು ಅಂತ ಕಾಣತ್ತೆ, ಬ್ರೇಕ್ ಈವನ್ (ಲಾಭಾನೂ ಇಲ್ಲ, ನಷ್ಟಾನೂ ಇಲ್ಲ ಅನ್ನೋ ಹಂತ) ಅನ್ನೋದಕ್ಕೆ ‘ಸಮ ಮುರಿತ ಬಿಂದು’ ಅಂತ ಸಬ್‌ಟೈಟಲ್ ಬಂತು. ‘ಮುರಿಯೋದ್ಯಾಕೆ, ಅಸಲಿಗೆ ಅಸಲು ಅಂದ್ರೆ ಆಗ್ತಿರಲಿಲ್ವಾ’ ಅಂದ್ರು ಅತ್ತಿಗೆ. ಸಾಲದ ಕಂತಿಗೆ ‘ಸ್ಥಾಪನೆ’ ಅಂತ ಬಂದಿದ್ದೂ ಇದೆ. ವ್ಯಾಪಾರ ಮಾಡೋರ ಬಾಯಲ್ಲಿ ಇರೋ ಪದ ಗೊತ್ತಿಲ್ಲದವರು ವ್ಯಾಪಾರ ಕಲಿಸೋಕೆ ಬಂದ್ರೆ ಹೀಗೇ.

ಈಗ ಪಾಠ 5, ಸಾಲ. ನಾನು ಸ್ಟಾರ್ ಕಿತ್ಕೊಂಡಿದ್ದು ಇಲ್ಲಿ. ಶುರುವಿನಲ್ಲಿ ಬಾಂಗ್ಲಾದೇಶದ ಕಥೆ. 1976ರಲ್ಲಿ ಚಿತ್ತಗಾಂಗ್ ಹತ್ತಿರದ ಜೋಬ್ರಾ ಅನ್ನೋ ಹಳ್ಳೀಲಿ ಅರ್ಥಶಾಸ್ತ್ರದ ಮೇಷ್ಟ್ರು ಮೊಹಮ್ಮದ್ ಯೂನುಸ್ 42 ಜನಕ್ಕೆ ಒಟ್ಟು 27 ಡಾಲರ್ ಕೈಯಿಂದ ಸಾಲ ಕೊಟ್ಟಿದ್ದು, 1983ರಲ್ಲಿ ಅದು ಗ್ರಾಮೀಣ ಬ್ಯಾಂಕ್ ಆಗಿದ್ದು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದ್ದು. ಎಲ್ಲಾ ನಿಜ. ಆದ್ರೆ ಕಥೆ 2006ಕ್ಕೇ ನಿಂತುಬಿಡತ್ತೆ, ಆಮೇಲೆ ಏನಾಯ್ತು ಅಂತ ಹೇಳಲ್ಲ, ಸೀದಾ ‘ಸಾಲಕ್ಕೆ ಅರ್ಜಿ ಹಾಕಿ’ ಅಂತ ಹಸಿರು ಬಟನ್.

ಆಮೇಲೆ ಆಗಿದ್ದು ಇದು. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊ ಅಂತ ಆರು ದೇಶಗಳಲ್ಲಿ ಬೇರೆ ಬೇರೆ ತಂಡದವರು ಕಿರುಸಾಲದ ಪರಿಣಾಮ ಅಳೆದ್ರು, 2015ರಲ್ಲಿ ಆರೂ ಒಟ್ಟಿಗೆ ಪ್ರಕಟ ಆದ್ವು. ಸಾಲದಿಂದ ಕೆಲವರ ವ್ಯಾಪಾರ ಸ್ವಲ್ಪ ಬೆಳೀತು, ಕಷ್ಟಕಾಲದಲ್ಲಿ ಕೈಗೆ ಒಂದಿಷ್ಟು ಆಸರೆ ಆಯ್ತು, ಆದ್ರೆ ಸರಾಸರಿ ಮನೆಯ ಆದಾಯ ಹೇಳಿಕೊಳ್ಳೋವಷ್ಟು ಏರಿದ್ದು ಎಲ್ಲೂ ಕಾಣಲಿಲ್ಲ. ಸಾಲ ಕೆಟ್ಟದ್ದು ಅಂತಲ್ಲ ಇದರ ಅರ್ಥ, ಸಾಲ ಗಿರಾಕೀನ ಹುಟ್ಟಿಸಲ್ಲ ಅಂತ. ಅತ್ತಿಗೆಯ ಎರಡು ಬಟ್ಟೆ ಲೆಕ್ಕಕ್ಕೆ ಸಾಲ ಸೇರಿಸಿ ನೋಡಿ, ಬಟ್ಟೆ ಎರಡೇ ಇರತ್ತೆ, ಕಂತು ಮಾತ್ರ ಹೊಸದು.

ಕಂತು ಅಂದಾಗ ನೆನಪಾಯ್ತು. ಬಹಳ ಕಡೆ ಸಾಲ ಕೈಗೆ ಬಂದು ಎರಡು ವಾರಕ್ಕೇ ಕಟ್ಟೋಕೆ ಶುರು ಮಾಡ್ಬೇಕು. ವ್ಯಾಪಾರ ಇನ್ನೂ ಕಣ್ಣು ಬಿಟ್ಟಿರಲ್ಲ, ಹಂಗಾಗಿ ಜನ ಸಾಲದ ದುಡ್ಡಲ್ಲೇ ಸ್ವಲ್ಪ ಎತ್ತಿಟ್ಟು ಮೊದಲ ಕಂತುಗಳನ್ನ ಕಟ್ತಾರೆ, ನಾನು ಕಣ್ಣಾರೆ ನೋಡಿದೀನಿ. ಕೋಲ್ಕತ್ತದಲ್ಲಿ ಇದನ್ನೂ ಪ್ರಯೋಗ ಮಾಡಿದಾರೆ (2013ರಲ್ಲಿ ಪ್ರಕಟ ಆಗಿದ್ದು), ಕೆಲವರಿಗೆ ಎರಡು ವಾರದ ಬದಲು ಎರಡು ತಿಂಗಳು ಬಿಟ್ಟು ಕಂತು ಶುರು ಮಾಡಿದ್ರು. ಅವರು ವ್ಯಾಪಾರಕ್ಕೆ ಜಾಸ್ತಿ ದುಡ್ಡು ಹಾಕಿದ್ರು, ಮೂರು ವರ್ಷ ಆದ್ಮೇಲೆ ನೋಡಿದ್ರೆ ಲಾಭಾನೂ ಜಾಸ್ತಿ ಇತ್ತು. ಜೊತೆಗೆ ಕಟ್ಟದೇ ಬಿಟ್ಟವರ ಸಂಖ್ಯೆನೂ ಏರ್ತು, ಅದನ್ನೂ ಹೇಳ್ಬೇಕು, ಇಲ್ಲಾಂದ್ರೆ ನಾನೂ ಆ ಕೋಟಿನವರ ಥರಾನೇ ಆಗ್ತೀನಿ. ಸಾಲ ಕೊಡೋರು ಯಾಕೆ ಆ ಎರಡು ತಿಂಗಳು ಬಿಡಲ್ಲ ಅನ್ನೋದು ಇದರಲ್ಲೇ ಗೊತ್ತಾಗತ್ತೆ. ವರ್ಷಕ್ಕೆ ಒಂದೋ ಎರಡೋ ಸಲ ದುಡ್ಡು ಕಾಣೋ ಮನೆಗೆ ವಾರದ ಕಂತು ಹೇಗೆ ಹೊಂದತ್ತೆ, ಜಾಮೀನಿಗೆ ಏನಿಡೋದು, ಜಮೀನು ಯಾರ ಹೆಸರಲ್ಲಿದೆ, ಇದ್ಯಾವುದಕ್ಕೂ ಪಾಠದಲ್ಲಿ ಜಾಗ ಇಲ್ಲ. ಬಟನ್ ಮಾತ್ರ ಎರಡು ಸಲ ಬರತ್ತೆ.

ಇದಕ್ಕೆ ಹೋಲಿಸಿದ್ರೆ ಬಾಂಗ್ಲಾದೇಶದಲ್ಲೇ ಬ್ರ್ಯಾಕ್ ಅನ್ನೋ ಸ್ವಯಂಸೇವಾ ಸಂಸ್ಥೆ 2002ರಲ್ಲಿ ಶುರು ಮಾಡಿದ ಕ್ರಮ ನಂಗೆ ಜಾಸ್ತಿ ಹಿಡಿಸ್ತು. ಕಡು ಬಡವರಿಗೆ ಮೊದಲಿಗೇ ಸಾಲ ಇರಲಿಲ್ಲ. ಒಂದು ಆಸ್ತಿ, ಅಂದ್ರೆ ಸಾಕೋಕೆ ಪ್ರಾಣಿನೋ ವ್ಯಾಪಾರದ ಸಾಮಾನೋ ಪುಕ್ಕಟೆ ಕೊಡ್ತಿದ್ರು, ಅದನ್ನ ಹಸಿವಿಗೆ ಮಾರಿಕೊಳ್ಳದ ಹಾಗೆ ಸ್ವಲ್ಪ ದಿನ ಖರ್ಚಿಗೆ ದುಡ್ಡು, ಕೆಲಸದ ತರಬೇತಿ, ಉಳಿತಾಯ, ಮನೆಗೆ ಬಂದು ವಿಚಾರಿಸೋರು, ಹೀಗೆ ಸುಮಾರು ಎರಡು ವರ್ಷ. ಇದನ್ನೇ ಆರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ ನೋಡಿದಾಗ, ಎಲ್ಲಾ ನಿಲ್ಲಿಸಿ ಒಂದು ವರ್ಷ ಆದ್ಮೇಲೂ ಆದಾಯ, ಊಟ, ಉಳಿತಾಯ ಎಲ್ಲ ಮೇಲೇ ಇತ್ತು. ಖರ್ಚು ಜಾಸ್ತಿ, ಹೌದು. ಹತ್ತು ವಿಡಿಯೊದಷ್ಟು ಸಲೀಸು ಅಲ್ಲ.

ಪಾಠ 6 ಲೈಸೆನ್ಸು, ರಿಜಿಸ್ಟ್ರೇಶನ್ನು. ‘ಫಾರ್ಮ್ ತುಂಬಿ ಸಬ್ಮಿಟ್ ಒತ್ತಿ’ ಅಷ್ಟೇ ಇದೆ. 1980ರ ದಶಕದಲ್ಲಿ ಪೆರುವಿನ ಸಂಶೋಧಕರು ಒಂದು ಸಣ್ಣ ಬಟ್ಟೆ ವರ್ಕ್‌ಶಾಪನ್ನ ಕಾನೂನು ಪ್ರಕಾರ ನೋಂದಾಯಿಸೋಕೆ ಎಷ್ಟು ದಿನ ಹಿಡಿಯತ್ತೆ ಅಂತ ಓಡಾಡಿ ನೋಡಿದ್ರು, 289 ದಿನ ಆಯ್ತು. ಈಗ ಬಹಳ ಕಡೆ ಕಮ್ಮಿ ಆಗಿರಬಹುದು. ಆದ್ರೂ ಕಚೇರಿ ದೂರ ಇರೋರಿಗೆ ಒಂದು ಸಹಿಗೆ ಒಂದು ದಿನದ ಕೂಲಿ ಹೋಗತ್ತೆ, ಸಾಹೇಬರು ಇಲ್ಲ ಅಂದ್ರೆ ಎರಡು ದಿನದ್ದು.

ಪಾಠ 7 ರಸ್ತೆ, ಕರೆಂಟು, ನೆಟ್‌ವರ್ಕ್. ಇದನ್ನ ನೋಡೋವಾಗಲೇ ವಿಡಿಯೊ ಸುತ್ತಿ ಸುತ್ತಿ ನಿಂತಿದ್ದು ತಮಾಷೆ, ಡೌನ್‌ಲೋಡ್ ಆಪ್ಷನ್ ಬೇರೆ ಇಲ್ಲ, ನೆಟ್‌ವರ್ಕ್ ಇಲ್ಲದ ಹಳ್ಳಿಗಂತ ಮಾಡಿದ ಕೋರ್ಸಿಗೆ! ‘ಸೌಕರ್ಯ ಬಂದ್ರೆ ಉದ್ಯಮ ತಾನಾಗೇ ಬರತ್ತೆ’ ಅಂತಾರೆ, ನಾನೂ ಹಂಗೇ ಅನ್ಕೊಂಡಿದ್ದೆ. ಆದ್ರೆ ಭಾರತದ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ಬಗ್ಗೆ 2020ರಲ್ಲಿ ಬಂದ ಅಧ್ಯಯನ ಬೇರೆ ಹೇಳತ್ತೆ, ರಸ್ತೆ ಬಂದ ಹಳ್ಳಿಗಳಲ್ಲಿ ಜನ ಹೊಲ ಬಿಟ್ಟು ಬೇರೆ ಕೆಲಸಕ್ಕೆ ಹೋಗೋದು ಜಾಸ್ತಿ ಆಯ್ತು, ಆದ್ರೆ ಹಳ್ಳಿಯೊಳಗಿನ ವ್ಯಾಪಾರವಾಗಲಿ ಆದಾಯವಾಗಲಿ ಅಷ್ಟೇನೂ ಬದಲಾಗಲಿಲ್ಲ. ಯೋಚನೆ ಮಾಡಿದ್ರೆ ಸರೀನೇ, ರಸ್ತೆ ಎರಡೂ ಕಡೆಗೆ ಹೋಗತ್ತಲ್ಲ, ನಮ್ಮ ಮಾಲು ಆಚೆ ಹೋಗೋಕೆ ಮುಂಚೆ ಪೇಟೆ ಮಾಲು ಒಳಗೆ ಬರತ್ತೆ, ದುಡಿಯೋ ಹುಡುಗರು ಆಚೆ ಹೋಗ್ತಾರೆ. ರಸ್ತೆ ಬೇಡ ಅಂತಲ್ಲ, ಆಸ್ಪತ್ರೆಗೆ ಹೋಗೋಕಾದ್ರೂ ಬೇಕು. ಅದೊಂದೇ ಸಾಕಾಗಲ್ಲ. ಕೀನ್ಯಾದ ಎಂ-ಪೆಸಾ ಬಗ್ಗೆ ಹೇಳಿದ್ದು ಮಾತ್ರ ಚೆನ್ನಾಗಿತ್ತು, 2007ರಲ್ಲಿ ಮೊಬೈಲಲ್ಲಿ ದುಡ್ಡು ಕಳಿಸೋದು ಬಂದ್ಮೇಲೆ ಸುಮಾರು 1,85,000 ಹೆಂಗಸರು ಹೊಲದ ಕೆಲಸದಿಂದ ವ್ಯಾಪಾರಕ್ಕೆ ಬಂದ್ರು ಅಂತ ಸಂಶೋಧಕರು ಅಂದಾಜು ಮಾಡಿದಾರೆ. ದೂರದಲ್ಲಿ ದುಡಿಯೋ ನೆಂಟರ ದುಡ್ಡು ಕಷ್ಟದ ದಿನ ನಿಮಿಷದಲ್ಲಿ ಬರೋ ಹಾಗಾದ್ರೆ ಕೈಯಲ್ಲಿರೋ ಬಂಡವಾಳ ಕರಗಲ್ಲ.

ಪಾಠ 8 ಯಶಸ್ಸಿನ ಕಥೆ, ಇದನ್ನ ಅತ್ತಿಗೆ ಮೂರು ಸಲ ನೋಡಿದ್ರು. ಜಪಾನಿನ ತೊಕುಶಿಮಾ ಪ್ರಾಂತ್ಯದ ಕಾಮಿಕಾತ್ಸು, ಗುಡ್ಡದ ಮೇಲಿನ ಊರು, ಈಗ 1,500ಕ್ಕಿಂತ ಕಮ್ಮಿ ಜನ, ಅರ್ಧಕ್ಕಿಂತ ಜಾಸ್ತಿ ಜನಕ್ಕೆ 65 ದಾಟಿದೆ. ಅಲ್ಲಿಯ ಅಜ್ಜಿಯರು ಮರದ ಎಲೆ ಕಿತ್ತು ಮಾರ್ತಾರೆ! ತಟ್ಟೆ ಅಲಂಕಾರಕ್ಕೆ ದೊಡ್ಡ ಹೋಟೆಲಿನವರು ಕೊಂಡ್ಕೊಳ್ತಾರೆ. ಕೋರ್ಸಿನ ಪ್ರಕಾರ ಇದರ ಪಾಠ ‘ಐಡಿಯಾ ಇದ್ರೆ ಎಲೆನೂ ಹೊನ್ನು’. ಅಲ್ಲ ಸ್ವಾಮಿ. ನಾನು ಆಮೇಲೆ ಹುಡುಕಿ ಓದಿದೆ. 1981ರ ಭಾರಿ ಚಳಿಗೆ ಅವರ ಕಿತ್ತಳೆ ಜಾತಿಯ ತೋಟಗಳು ಹೆಚ್ಚುಕಮ್ಮಿ ಪೂರ್ತಿ ಸತ್ತುಹೋದ್ವು, ಅಲ್ಲಿಯ ಕೃಷಿ ಸಹಕಾರ ಸಂಘದಲ್ಲಿ ನೌಕರಿ ಮಾಡ್ತಿದ್ದ ತೊಮೊಜಿ ಯೊಕೊಯಿಶಿ 1986ರಲ್ಲಿ ಎಲೆ ವ್ಯಾಪಾರ ಶುರು ಮಾಡಿಸಿದ್ರು. ಮೊದಮೊದಲು ಯಾರೂ ಸರಿಯಾಗಿ ಕೊಳ್ಳಲೇ ಇಲ್ಲ, ಯಾವ ಸೈಜಿನ ಎಲೆ, ಯಾವ ಬಣ್ಣ, ಯಾವ ಋತುವಿಗೆ ಮುಂಚೆ ಬೇಕು ಅಂತ ತಿಳ್ಕೊಳ್ಳೋಕೆ ಆ ಮನುಷ್ಯ ಸ್ವಂತ ಖರ್ಚಲ್ಲಿ ದುಬಾರಿ ಹೋಟೆಲುಗಳಿಗೆ ಹೋಗಿ ಕೂತು ತಟ್ಟೆ ನೋಡಿಕೊಂಡು ಬಂದ್ರಂತೆ. ಆಮೇಲೆ ಮನೆಮನೆಗೆ ಫ್ಯಾಕ್ಸ್, ಅದಾದ್ಮೇಲೆ ಕಂಪ್ಯೂಟರು, ಟ್ಯಾಬ್ಲೆಟ್ಟು, ಆರ್ಡರ್ ಬಂದ ತಕ್ಷಣ ಅಜ್ಜಿಯರು ನಂಗೆ ನಂಗೆ ಅಂತ ಒತ್ತಿ ಹಿಡ್ಕೊಳ್ಳೋದು. ಅಂದ್ರೆ ಎಲೆ ಮೊದಲಿಂದಲೂ ಗುಡ್ಡದ ಮೇಲೇ ಇತ್ತು, ಅಜ್ಜಿಯರೂ ಅಲ್ಲೇ ಇದ್ರು. ಇಲ್ಲದೇ ಇದ್ದದ್ದು ದೂರದ ಗಿರಾಕಿ ಏನು ಕೇಳ್ತಾನೆ ಅಂತ ಹೋಗಿ ತಿಳ್ಕೊಂಡು ಬಂದು, ಮಾಲು ಕೂಡಿಸಿ ಕಳಿಸೋ ಒಬ್ಬ ಮನುಷ್ಯ, ಅವನ ಹಿಂದೆ ಸಂಬಳ ಕೊಡೋ ಒಂದು ಸಂಘ. ಎಷ್ಟೋ ವರ್ಷ ನಷ್ಟ ತಡ್ಕೊಂಡು ಅದೇ ಕೆಲಸ ಮಾಡೋರು ಎಲ್ಲಿ ಸಿಗ್ತಾರೆ ಅನ್ನೋ ಪಾಠ ಬೇಕಿತ್ತು ನಮಗೆ. ಕೋರ್ಸಲ್ಲಿ ಆ ಮನುಷ್ಯನ ಹೆಸರೂ ಇಲ್ಲ, ನಗ್ತಾ ಇರೋ ಅಜ್ಜಿ ಫೋಟೊ ಇದೆ.

ಪಾಠ 9 ಮನೆ, ಹೆಣ್ಣುಮಕ್ಕಳು, ಆರೇ ನಿಮಿಷ. ‘ಕುಟುಂಬದ ಬೆಂಬಲ ಪಡೆಯಿರಿ’. ಕೀನ್ಯಾದ ಹಳ್ಳಿಗಳಲ್ಲಿ ಒಂದು ಪ್ರಯೋಗದಲ್ಲಿ ಹೆಂಗಸರಿಗೆ ದುಡ್ಡು ಕೊಟ್ಟು ಹೂಡಿಕೆ ಮಾಡೋಕೆ ಹೇಳಿದ್ರು, ನೆಂಟರ ಕಣ್ಣಿಗೆ ಬೀಳೋ ಹಾಗಿದ್ದಾಗ ಕೆಲವರು ಕಮ್ಮಿ ಲಾಭ ಬಂದ್ರೂ ಪರವಾಗಿಲ್ಲ ಅಂತ ಮುಚ್ಚಿಡೋ ದಾರಿ ಹಿಡಿದ್ರು. ನಾನು ಇದನ್ನ ಓದಿ ಹೇಳಿದಾಗ ಅತ್ತಿಗೆ ನಗಲಿಲ್ಲ, ‘ಎರಡನೇ ಡಬ್ಬಿ ಈಗ ಎಲ್ಲಿದೆ ಅಂತ ನಿಂಗೂ ಹೇಳಲ್ಲ’ ಅಂದ್ರು. ಅವತ್ತಿಂದ ಚೀಟಿ ಸಿಕ್ಕಿಲ್ಲ.

ಪಾಠ 10 ಸೋಷಿಯಲ್ ಮೀಡಿಯಾ, ಬಿಡಿ. ಅದರ ಬದಲು ‘ಕೈ ಸುಟ್ಟುಕೊಂಡ್ರೆ ಏನು ಮಾಡೋದು, ಯಾವಾಗ ನಿಲ್ಲಿಸೋದು’ ಅಂತ ಒಂದು ಪಾಠ ಇದ್ದಿದ್ರೆ ಇನ್ನರ್ಧ ಸ್ಟಾರ್ ಕೊಡ್ತಿದ್ದೆ. ಉಳ್ಳವರಿಗೆ ಸೋತ್ರೆ ಅದೊಂದು ಅನುಭವ, ಇಲ್ಲದವರಿಗೆ ಮಗಳ ಸ್ಕೂಲು, ಮನೆಯ ಮಾಡು, ಊರಲ್ಲಿ ತಲೆ ಎತ್ತಿ ಓಡಾಡೋದು ಎಲ್ಲ ಅದರ ಮೇಲೇ ನಿಂತಿರತ್ತೆ, ಅಂಥವರು ಹೆಜ್ಜೆ ಇಡೋಕೆ ಹಿಂಜರಿದ್ರೆ ಅದು ಭಯ ಅಲ್ಲ ಲೆಕ್ಕ.

ಸಪೋರ್ಟ್ ಬಗ್ಗೆ ಒಂದು ಮಾತು. ‘ಮೂರನೇ ಟೈಲರಿಗೆ ಗಿರಾಕಿ ಎಲ್ಲಿಂದ?’ ಅಂತ ಬರೆದು ಕಳಿಸಿದ್ವಿ. ಹನ್ನೊಂದು ದಿನಕ್ಕೆ ಉತ್ತರ ಬಂತು, ‘ನಿಮ್ಮ ಪ್ರಶ್ನೆಗೆ ಧನ್ಯವಾದ, ದಯವಿಟ್ಟು ಪಾಠ 3 ನೋಡಿ’.

ಯಾರು ನೋಡಬಹುದು ಅಂತ ಕೇಳಿದ್ರೆ, ಈಗಾಗಲೇ ಅಂಗಡಿ ನಡೆಸ್ತಾ ಇರೋರು ಪಾಠ 4 ನೋಡಿ, ಎಲ್ಲರೂ 8 ನೋಡಿ ಆದ್ರೆ ಅದರ ಹಿಂದಿನದ್ದನ್ನ ಬೇರೆ ಕಡೆ ಓದಿ, 5 ನೋಡಿದ ರಾತ್ರಿ ಹಸಿರು ಬಟನ್ ಮುಟ್ಟಬೇಡಿ, ಬೆಳಗ್ಗೆ ಹಾಳೆ ಹಿಂದೆ ಲೆಕ್ಕ ಹಾಕಿ ಆಮೇಲೆ ನೋಡಿ. ಅತ್ತಿಗೆ ಅಂಗಡಿ ಹಾಕಿಲ್ಲ. ಪೇಟೆಯಲ್ಲಿ ಸ್ಕೂಲ್ ಯೂನಿಫಾರಂ ಸಪ್ಲೈ ಮಾಡೋರೊಬ್ರ ಹತ್ರ ತಾವೇ ಹೋಗಿ, ಅವರಿಗೆ ಕಾಲರ್ ಹೇಗೆ ಬೇಕು ಅಂತ ಅರ್ಧ ದಿನ ನಿಂತು ನೋಡಿಕೊಂಡು ಬಂದ್ರು. ಕಳಿಸಿದ ಮೂರು ಸ್ಯಾಂಪಲ್ ವಾಪಸ್ ಬಂದ್ವು, ನಾಲ್ಕನೇದು ಒಪ್ಪಿದಾರೆ, ಆದ್ರೆ ಅವರು ಹೇಳ್ತಿರೋ ರೇಟಲ್ಲಿ ಬಸ್ ಚಾರ್ಜು ಕಳೆದ್ರೆ ಏನು ಉಳಿಯತ್ತೆ ಅಂತ ಈಗ ಒಳಗೆ ಕೂತು ಲೆಕ್ಕ ಹಾಕ್ತಿದಾರೆ.